ಬುಡಕ್ಕೊಂದು ಬುಟ್ಟಿ ಗೊಬ್ಬರ

ಬೈಬಲಿನಲ್ಲಿ ಚಿನ್ನ, ಧೂಪ, ರಕ್ತಬೋಳಗಳ ಜೊತೆಗೆ ಗೊಬ್ಬರಕ್ಕೂ ಒಂದು ಜಾಗವಿದೆ. ಲೂಕನ ಶುಭಸಂದೇಶದ 13ನೇ ಅಧ್ಯಾಯ ತೆಗೆಯಿರಿ. ದ್ರಾಕ್ಷಿತೋಟದಲ್ಲಿ ಒಂದು ಅಂಜೂರದ ಗಿಡ. ಯಜಮಾನ 3 ವರ್ಷದಿಂದ ಬಂದು ನೋಡುತ್ತಿದ್ದಾನೆ, ಒಂದು ಹಣ್ಣಿಲ್ಲ. ಕಡಿದುಹಾಕು, ನೆಲ ಯಾಕೆ ದಂಡ ಅನ್ನುತ್ತಾನೆ. ಇದೊಂದು ವರ್ಷ ಇರಲಿ ಸ್ವಾಮಿ, ಸುತ್ತ ಅಗೆದು ಗೊಬ್ಬರ ಹಾಕಿ ನೋಡುತ್ತೇನೆ ಅನ್ನುತ್ತಾನೆ ತೋಟಗಾರ. ಮೂಡಿಗೆರೆ, ಸಕಲೇಶಪುರದ ಕಡೆ ಸಾಹುಕಾರರಿಗೂ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರಿಗೂ ಆಗಾಗ ನಡೆಯುವ ಮಾತೇ ಇದು. ಗಿಡ ಮಾತ್ರ ಕಾಫಿ.

ದುಡಿದದ್ದಕ್ಕೆ ಫಲ ಕಾಣದವನಿಗೆ ತಾಳ್ಮೆಯ ಉಪದೇಶ ಮಾಡುವವರು ಈ ಸಾಮತಿಯನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಬಳಸುವುದುಂಟು. ಆದರೆ ತೋಟಗಾರ ಕೇಳಿದ್ದು ಕೈಕಟ್ಟಿ ಕೂರಲು ಸಮಯವನ್ನಲ್ಲ. ಅವನ ಕೈಯಲ್ಲಿ ಗುದ್ದಲಿ ಇತ್ತು. ಗುದ್ದಲಿ ಹಿಡಿದವರಿಗೆಲ್ಲ ಫಲ ಸಿಗುತ್ತದೆಯೇ ಅಂದರೆ, ಅದೂ ಇಲ್ಲ. ಕಾಫಿ ಗಿಡದ ಬುಡಕ್ಕೆ ಒತ್ತಿ ಗೊಬ್ಬರ ಸುರಿದರೆ ಅಲ್ಲಿ ಉಣ್ಣುವ ಬೇರೇ ಇರುವುದಿಲ್ಲ. ಕಾಂಡದಿಂದ ಒಂದು, ಒಂದೂವರೆ ಅಡಿ ದೂರದಲ್ಲಿ, ರೆಂಬೆಯ ನೆರಳು ಬೀಳುವ ಸುತ್ತಿನಲ್ಲಿ, ಮೇಲುಮಣ್ಣಿನಲ್ಲೇ ಅವು ಹರಡಿರುತ್ತವೆ. ಆಳಕ್ಕೆ ಅಗೆದರೆ ಅವೇ ತುಂಡಾಗುತ್ತವೆ. ಮೂರ್ನಾಲ್ಕು ಅಂಗುಲ ಮಣ್ಣು ಸಡಿಲಿಸಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಗಿಡಕ್ಕೆ ಐದಾರು ಕೆಜಿಯಂತೆ ಹರಡಿ, ಮೇಲೆ ತರಗು ಮುಚ್ಚಿದರೆ ಸಾಕು. ಮಲೆನಾಡಿನ ಮಳೆಗೆ ಮಣ್ಣಿನ ಸುಣ್ಣ ತೊಳೆದು ಹೋಗಿ ಹುಳಿ ಏರುತ್ತದೆ. ಹುಳಿಮಣ್ಣು ಗೊಬ್ಬರದ ರಂಜಕವನ್ನು (ಫಾಸ್ಫರಸ್) ಹಿಡಿದಿಟ್ಟುಕೊಂಡು ಗಿಡಕ್ಕೆ ಬಿಡುವುದಿಲ್ಲ, ಹಾಗಾಗಿ ಸುಣ್ಣ ಕೊಡಲೇಬೇಕು. ಆದರೆ ಸುಣ್ಣ ಚೆಲ್ಲಿದ ದಿನವೇ ಯೂರಿಯಾ ಎರಚಿದರೆ ಅದರ ಸಾರ ಅಮೋನಿಯಾ ಆಗಿ ಗಾಳಿಗೆ ಹಾರಿಹೋಗುತ್ತದೆ. ಮೂರ್ನಾಲ್ಕು ವಾರ ಬಿಡಬೇಕು. ಎರಡು ಆಳಿನ ಕೂಲಿಯೂ ನ್ಯಾಯ, ಎರಡು ಕೆಲಸವೂ ಸರಿ, ತಾರೀಖು ಮಾತ್ರ ತಪ್ಪು. ಇಂಥದ್ದಕ್ಕೆ ದೇವರ ಪರೀಕ್ಷೆ ಅಂತ ಹೆಸರಿಡುವುದು ದೇವರಿಗೆ ಅನ್ಯಾಯ.

ಎಲ್ಲ ಸರಿ ಮಾಡಿಯೂ ಕಣ ಖಾಲಿ ಇರುವ ವರ್ಷಗಳಿವೆ. ಮಾರ್ಚ್, ಏಪ್ರಿಲ್‌ನಲ್ಲಿ ಒಂದು ಇಂಚಿನಷ್ಟಾದರೂ ಹೂಮಳೆ ಬೀಳಬೇಕು, ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದೆ. ಬರೀ ನಾಲ್ಕು ಹನಿ ಉದುರಿಸಿ ಮೋಡ ಹೋಯಿತೋ, ಮೊಗ್ಗು ಅರೆಬರೆ ಅರಳಿ ಕೆಡುತ್ತದೆ. ಇದಕ್ಕೆ ರೈಟರೂ ಏನೂ ಮಾಡಲಾರ, ಪಾದ್ರಿಯೂ ಮಾಡಲಾರ.

ಹಾಗಾದರೆ ಆ ಗೊಬ್ಬರ ಎಲ್ಲಿ ಹೋಯಿತು? ಒಂದು ರೆಂಬೆ ಬಗ್ಗಿಸಿ ನೋಡಿ. ಅರೇಬಿಕಾ ತಳಿಯ ಕಾಫಿಯಲ್ಲಿ ಕಾಯಿ ಕೂರುವುದು ಮುಖ್ಯವಾಗಿ ಹೋದ ವರ್ಷ ಬೆಳೆದ ಭಾಗದಲ್ಲಿ. ಅದರಾಚೆ ತುದಿಯಲ್ಲಿ, ಇನ್ನೂ ಹಸಿರಾದ ಎಳೆ ಕಡ್ಡಿ. ಗೆಣ್ಣಿಗೆರಡು ಎಲೆ, ಎಲೆಯ ಕಂಕುಳಲ್ಲಿ ಮುಂದಿನ ವರ್ಷದ ಹೂವಿನ ಜಾಗ. ಈ ವರ್ಷ ಹಾಕಿದ ಬುಟ್ಟಿಯ ಲೆಕ್ಕದಲ್ಲಿ ಒಂದು ಪಾಲು ಅಲ್ಲಿದೆ, ರೈಟರ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಪ್ರಬೋಧನೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಒಂದು ಮಾತನ್ನೂ ತೋಟಗಾರ ಹೇಳಿದ್ದಾನೆ: ಆಮೇಲೂ ಫಲ ಕೊಡದಿದ್ದರೆ ಕಡಿಸಿಬಿಡಿ. ಬಿಳಿ ಕಾಂಡಕೊರಕ ಎಂಬ ದುಂಬಿಯ ಹುಳು ಹೊಕ್ಕ ಗಿಡದ ಕಾಂಡ ಸವರಿದರೆ ತೊಗಟೆಯಲ್ಲಿ ಉಬ್ಬಿದ ಏಣು ಕೈಗೆ ಸಿಗುತ್ತದೆ, ಎಲೆ ಹಳದಿಗಟ್ಟಿರುತ್ತದೆ. ಅದಕ್ಕೆ ಇನ್ನೊಂದು ವರ್ಷ ಕೊಟ್ಟರೆ ದುಂಬಿ ಹೊರಬಂದು ಪಕ್ಕದ ಗಿಡದ ತೊಗಟೆ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ದುಂಬಿ ಹಾರುವ ಏಪ್ರಿಲ್‌ಗೂ ಅಕ್ಟೋಬರ್‌ಗೂ ಮೊದಲೇ ಬೇರುಸಹಿತ ಕಿತ್ತು ಸುಡಬೇಕು. ಭರವಸೆ ಇಟ್ಟವನ ಕೈಯಲ್ಲೂ ಕತ್ತಿ ಇರುತ್ತದೆ.

ಸೆಪ್ಟೆಂಬರ್ 8ಕ್ಕೆ ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ, ತೆನೆ ಹಬ್ಬ. ಮಕ್ಕಳು ಹೂ ಅರ್ಪಿಸುತ್ತಾರೆ, ಮಂತ್ರಿಸಿದ ತೆನೆ ಮನೆಗೆ ಬರುತ್ತದೆ, ಕಾಳು ಸುಲಿದು ಪಾಯಸಕ್ಕೋ ಹಾಲಿಗೋ ಹಾಕಿ ಹಂಚಿಕೊಳ್ಳುತ್ತಾರೆ. ಆ ಹೊತ್ತಿಗೆ ಚಿಕ್ಕಮಗಳೂರಿನ ಗದ್ದೆಯಲ್ಲಿ ಪೈರು ಇನ್ನೂ ಹಸಿರು, ಗಿಡದಲ್ಲಿ ಕಾಫಿಯೂ ಗಟ್ಟಿ ಹಸಿರು ಕಾಯಿ. ಎಷ್ಟು ಮೂಟೆ, ಏನು ರೇಟು, ಯಾವುದೂ ಗೊತ್ತಾಗುವ ಮೊದಲೇ ಬೆಳೆಗೆ ಕೃತಜ್ಞತೆಯ ಸ್ತೋತ್ರ ಮುಗಿದಿರುತ್ತದೆ. ಮರುದಿನ ಮಳೆ ಬಿಡುವು ಕೊಟ್ಟರೆ ಮಳೆಗಾಲದ ನಂತರದ ಗೊಬ್ಬರದ ಸುತ್ತು.