ಸ್ನಾನ ಮಾಡಿಸ್ತೀರಾ ಅಂತ ಕೇಳಿದರಲ್ಲ, ಮಾಡಿಸ್ತೀನಿ!

ತೊಳೆದರೆ ಹೋಗುವಂಥದ್ದಾಗಿದ್ದರೆ ಇಷ್ಟೊತ್ತಿಗೆ ತೊಳೆದು ಮುಗಿಸಿರುತ್ತಿದ್ದೆ ಮೇಡಂ. ಇದನ್ನು ಅಲ್ಲೇ, ಸ್ಕೂಲಿನ ಗೇಟಿನಲ್ಲೇ, ಆ ಮೇಡಂ ಮುಖಕ್ಕೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. ಈಗ ನನ್ನ ಮಗಳು ಪುಟ್ಟಿ ಮಲಗಿದ್ದಾಳೆ. ಮಲಗಿದ್ದಾಳೆ ಅಂದರೆ ನಿದ್ದೆಯಲ್ಲೇ ಕೆರೆದುಕೊಳ್ಳುತ್ತಿದ್ದಾಳೆ. ನಾನು ಒಂದು ಕೈಯಲ್ಲಿ ಅವಳ ಕೈ ಹಿಡಿದುಕೊಂಡು ಇನ್ನೊಂದರಲ್ಲಿ ಇದನ್ನು ಟೈಪ್ ಮಾಡುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಹೊಂದಿಸಿಕೊಳ್ಳಿ.

ಪತ್ರ ಕೊಟ್ಟಿದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ. ಸ್ಕೂಲಿಗೆ ಸೇರಿಸುವಾಗಲೇ ಕೊಟ್ಟಿದ್ದೆ. ಚರ್ಮದ ಡಾಕ್ಟರೇ ಸಹಿ ಹಾಕಿ ಬರೆದುಕೊಟ್ಟಿದ್ದು. ಇದು ಎಕ್ಸಿಮಾ, ಅಂದರೆ ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ, ಅಂಟುವುದಿಲ್ಲ, ಬೇರೆ ಮಕ್ಕಳ ಜೊತೆ ಆಡಬಹುದು. ಇಷ್ಟೇ ಇದ್ದದ್ದು. ಓದಲು ಅರ್ಧ ನಿಮಿಷ ಬೇಡ. ಅವರು ಅದನ್ನು ಫೈಲಿನಲ್ಲಿ ಹಾಕಿಟ್ಟರು. ಫೈಲು ಬೀರುವಿನಲ್ಲಿ. ಬೀರುವಿನ ಬೀಗದ ಕೈ ಇನ್ನೊಬ್ಬ ಮೇಡಂ ಹತ್ತಿರ. ಆ ಮೇಡಂ ಇವತ್ತು ರಜ.

ಸಂಜೆ ಕರೆದುಕೊಂಡು ಬರಲು ಹೋದೆ. ಗೇಟಿನ ಹತ್ತಿರ ಏಳೆಂಟು ಜನ ಅಪ್ಪ ಅಮ್ಮಂದಿರು ನಿಂತಿದ್ದರು. ನನ್ನನ್ನು ನೋಡಿದ ತಕ್ಷಣ ಮೇಡಂ "ಒಂದ್ನಿಮಿಷ ಇರಿ" ಅಂದರು. ಆ ದನಿಯಲ್ಲೇ ಎಲ್ಲರೂ ತಿರುಗಿ ನೋಡಿದರು. ಪುಟ್ಟಿಯನ್ನು ಕೈ ಹಿಡಿದು ಮುಂದಕ್ಕೆ ಕರೆತಂದರು. ಬಗ್ಗಿ, ಅವಳ ಅಂಗಿಯ ತೋಳನ್ನು ಮೊಣಕೈ ದಾಟುವವರೆಗೆ ಮೇಲಕ್ಕೆ ಎಳೆದರು. ಎಳೆದು, ಒಳಮೈ ನನ್ನ ಕಡೆಗಲ್ಲ, ಅವರ ಕಡೆಗೆ ತಿರುಗಿಸಿದರು. ನಿಂತಿದ್ದವರ ಕಡೆಗೆ.

"ನೋಡಿ, ನೀವೇ ನೋಡಿ. ಏನಿದು?"

ಮೊಣಕೈ ಮಡಿಚುವ ಜಾಗ. ಕೆಂಪಗಿತ್ತು, ಎರಡು ಕಡೆ ಕೆರೆದು ರಕ್ತ ಒಣಗಿತ್ತು. ಇದೆಲ್ಲ ನನಗೆ ಗೊತ್ತಿಲ್ಲವಾ? ಬೆಳಿಗ್ಗೆ ಅದಕ್ಕೆ ಕ್ರೀಮ್ ಹಚ್ಚಿದವಳು ನಾನು.

"ಮೇಡಂ, ಅದು ಎಕ್ಸಿಮಾ, ಪತ್ರ ಕೊಟ್ಟಿದ್ದೀನಲ್ಲ" ಅಂದೆ. ಮೆಲ್ಲಗೆ ಅಂದೆ. ಯಾಕೆ ಮೆಲ್ಲಗೆ ಅಂದೆ? ನಾನೇನು ಕಳ್ಳತನ ಮಾಡಿದ್ದೆನಾ?

"ಅದೆಲ್ಲ ನಮಗೆ ಗೊತ್ತಾಗಲ್ಲ. ಬೇರೆ ಮಕ್ಕಳಿಗೆ ಬಂದ್ರೆ ಯಾರು ಜವಾಬ್ದಾರಿ? ತಪ್ಪು ತಿಳ್ಕೋಬೇಡಿ, ಮನೇಲಿ ದಿನಾ ಸ್ನಾನ ಮಾಡಿಸ್ತೀರಾ?"

ತಪ್ಪು ತಿಳ್ಕೋಬೇಡಿ ಅಂದ ಮೇಲೆ ಬರುವ ಮಾತನ್ನು ಇನ್ನು ಹೇಗೆ ತಿಳಿದುಕೊಳ್ಳಬೇಕು, ಯಾರಾದರೂ ಹೇಳಿ.

ಗುಲಾಬಿ ಚೂಡಿದಾರದ ಒಬ್ಬರು ತಮ್ಮ ಮಗನನ್ನು ಎತ್ತಿಕೊಂಡರು. ಅಷ್ಟೊತ್ತು ಅವನು ನೆಲದ ಮೇಲೆಯೇ ಇದ್ದ, ಪುಟ್ಟಿಯ ಬ್ಯಾಗಿನ ಜಿಪ್ಪು ಎಳೆದು ಆಡುತ್ತಿದ್ದ. ಎತ್ತಿಕೊಂಡು, ಪರ್ಸಿನಿಂದ ಸ್ಯಾನಿಟೈಸರ್ ತೆಗೆದು ಅವನ ಎರಡೂ ಕೈಗೆ ಉಜ್ಜಿದರು. ನನ್ನನ್ನು ನೋಡಿ ನಕ್ಕರು ಬೇರೆ. ಸಭ್ಯವಾಗಿ. ಆ ನಗುವಿಗೆ ನಾನೂ ವಾಪಸ್ ನಕ್ಕೆ. ನಕ್ಕೆ! ಇದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ.

ಇಷ್ಟೆಲ್ಲ ಆಗುವಾಗ ಪುಟ್ಟಿಯ ತೋಳು ಇನ್ನೂ ಮೇಡಂ ಕೈಯಲ್ಲೇ ಇತ್ತು. ಅವರು ಬಿಡಲೇ ಇಲ್ಲ. ಪುಟ್ಟಿ ಮೊದಲು ಅವರ ಮುಖ ನೋಡಿದಳು, ಆಮೇಲೆ ನನ್ನ ಮುಖ. ಆಮೇಲೆ ತಾನೇ ಇನ್ನೊಂದು ಕೈಯಿಂದ ತೋಳನ್ನು ಕೆಳಕ್ಕೆ ಎಳೆದುಕೊಳ್ಳಲು ನೋಡಿದಳು. ಮೂರು ವರ್ಷದ ಮಗು ಸ್ವಾಮೀ. ಮುಚ್ಚಿಕೊಳ್ಳಬೇಕು ಅಂತ ಅದಕ್ಕೆ ಇಲ್ಲಿಯವರೆಗೆ ಯಾರೂ ಕಲಿಸಿರಲಿಲ್ಲ. ಇವತ್ತು ಕಲಿಯಿತು.

ನಾನು ಏನು ಮಾಡಿದೆ ಅಂದರೆ "ಸರಿ ಮೇಡಂ, ಡಾಕ್ಟರ್ ಹತ್ರ ಮತ್ತೆ ತೋರಿಸ್ತೀನಿ" ಅಂದೆ. ಬ್ಯಾಗು ತಗೊಂಡೆ. ಬಂದೆ.

ಮನೆಗೆ ಬಂದು ಸ್ನಾನದ ಮನೆಯಲ್ಲಿ ನಿಂತು ಎಂಥಾ ಭಾಷಣ ಮಾಡಿದೆ ಅಂತೀರಿ! ಬಕೆಟ್ಟು, ಚೊಂಬು ಎಲ್ಲ ತಲೆತಗ್ಗಿಸಿ ಕೇಳಿದವು. ಅಷ್ಟು ಸ್ಪಷ್ಟವಾಗಿ, ಅಷ್ಟು ಖಾರವಾಗಿ ನಾನು ಜೀವನದಲ್ಲಿ ಮಾತಾಡಿಲ್ಲ. ಆ ಭಾಷಣದ ಉಳಿದ ಭಾಗ ಇಲ್ಲಿದೆ, ವ್ಯರ್ಥವಾಗಬಾರದು ನೋಡಿ.

ಸ್ನಾನ ಮಾಡಿಸ್ತೀನಿ. ದಿನಾ ಮಾಡಿಸ್ತೀನಿ. ಹೇಗೆ ಅಂತ ಕೇಳಿ. ಬಿಸಿ ನೀರಲ್ಲ, ಉಗುರು ಬೆಚ್ಚಗಿನ ನೀರು. ಐದರಿಂದ ಹತ್ತು ನಿಮಿಷ, ಅದಕ್ಕಿಂತ ಜಾಸ್ತಿ ಇಲ್ಲ. ನೊರೆ ಬರುವ ಸೋಪು ಇಲ್ಲ, ಘಮಘಮ ಅನ್ನುವ ಯಾವುದೂ ಇಲ್ಲ. ಟವೆಲಿನಲ್ಲಿ ಉಜ್ಜುವಂತಿಲ್ಲ, ಒತ್ತಿ ಒತ್ತಿ ಒರೆಸಬೇಕು. ಮೈಯಲ್ಲಿ ಇನ್ನೂ ಪಸೆ ಇರುವಾಗಲೇ, ಸುಮಾರು ಮೂರು ನಿಮಿಷದೊಳಗೆ, ಮೈಪೂರ್ತಿ ಮಾಯಿಶ್ಚರೈಸರ್. ಆ ಮೂರು ನಿಮಿಷದಲ್ಲಿ ಅವಳು ಬರಿಮೈಯಲ್ಲಿ ಮಂಚದ ಕೆಳಗೆ ಓಡಿ ಅಡಗಿಕೊಳ್ಳುತ್ತಾಳೆ. ನಾನು ಡಬ್ಬ ಹಿಡಿದುಕೊಂಡು ಮೊಣಕಾಲೂರಿ ಹಿಂದೆ ಹೋಗುತ್ತೇನೆ. ನಿಮ್ಮ ಮಗುವಿಗೆ ನೀವು ಮಾಡಿಸುವ ಸ್ನಾನಕ್ಕಿಂತ ನನ್ನದು ದೊಡ್ಡ ಕೆಲಸ, ಗೊತ್ತಿರಲಿ.

ಸೋಪು ಹಾಕಿ ಚೆನ್ನಾಗಿ ಉಜ್ಜಿ ಅನ್ನುವವರಿಗೆ ಹೇಗೆ ಹೇಳುವುದೋ ತಿಳಿಯುತ್ತಿಲ್ಲ. ಚರ್ಮಕ್ಕೆ ತನ್ನದೇ ಆದ ಸ್ವಲ್ಪ ಹುಳಿ ಗುಣ ಇರುತ್ತದೆ, ಪಿಹೆಚ್ ಅನ್ನುವ ಅಳತೆಯಲ್ಲಿ ಸುಮಾರು ಐದರ ಆಸುಪಾಸು. ಮಾಮೂಲಿ ಸೋಪಿನದು ಒಂಬತ್ತು, ಹತ್ತು, ಅಂದರೆ ಕ್ಷಾರ, ಹುಳಿಗೆ ತದ್ವಿರುದ್ಧ. ಉಜ್ಜಿದಷ್ಟೂ ಮೇಲಿನ ಪದರದ ಜಿಡ್ಡು ಹೋಗುತ್ತದೆ, ಚರ್ಮ ಇನ್ನೂ ಒಣಗುತ್ತದೆ, ತುರಿಕೆ ಇನ್ನೂ ಏರುತ್ತದೆ. ಈ ಮಕ್ಕಳ ಚರ್ಮ ಗಾರೆ ಉದುರಿದ ಗೋಡೆ ಇದ್ದ ಹಾಗೆ. ಒಳಗಿನ ನೀರು ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಬೆವರು, ಸೋಪು ಒಳಗೆ ಇಳಿದು ಉರಿಸುತ್ತವೆ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀಯ ಸಂಶೋಧಕರ ತಂಡ ಇದರ ಒಂದು ಕಾರಣವನ್ನೇ ಹುಡುಕಿ ತೋರಿಸಿತು. ಫಿಲಾಗ್ರಿನ್ ಅಂತ ಒಂದು ಪ್ರೋಟೀನ್, ಚರ್ಮದ ಮೇಲ್ಪದರ ಗಟ್ಟಿಯಾಗಿರಲು ಬೇಕಾದದ್ದು. ಅದನ್ನು ಮಾಡುವ ಜೀನಿನಲ್ಲೇ ಕೆಲವರಿಗೆ ದೋಷ ಇರುತ್ತದೆ. ಎಲ್ಲ ಮಕ್ಕಳಿಗೂ ಇದೇ ಕಾರಣ ಅಂತಲ್ಲ. ಆದರೆ ಅಮ್ಮ ಸ್ನಾನ ಮಾಡಿಸದೆ ಬಂತು ಅನ್ನುವುದು ಮಾತ್ರ ಯಾವ ಪಟ್ಟಿಯಲ್ಲೂ ಇಲ್ಲ.

ಕಜ್ಜಿ ಬೇರೆ. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಹುಳದಿಂದ ಬರುತ್ತದೆ, ಅಂಟುತ್ತದೆ, ಮನೆಮಂದಿಗೆಲ್ಲ ಔಷಧಿ ಬೇಕಾಗುತ್ತದೆ. ಕೀವು ಸೋರಿ ಜೇನಿನ ಬಣ್ಣದ ಹಕ್ಕಳೆ ಕಟ್ಟುವುದೂ ಬೇರೆ. ಅದು ಬ್ಯಾಕ್ಟೀರಿಯಾ ಸೋಂಕು, ಅದೂ ಅಂಟುತ್ತದೆ. ಎಕ್ಸಿಮಾದ ಗಾಯಕ್ಕೆ ಅಂಥ ಸೋಂಕು ತಗಲುವುದೂ ಉಂಟು. ಹಾಗೇನಾದರೂ ಕಂಡರೆ ನಾನೇ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ, ನೀವು ಹೇಳಬೇಕಾಗಿಲ್ಲ. ಇದು ಅದ್ಯಾವುದೂ ಅಲ್ಲ. ಇದನ್ನು ಮುಟ್ಟಿದರೆ ಬರುವುದಿಲ್ಲ, ಜೊತೆಗೆ ಮಲಗಿದರೆ ಬರುವುದಿಲ್ಲ. ಬರುವುದಾಗಿದ್ದರೆ ಮೊದಲು ನನಗೆ ಬರಬೇಕಿತ್ತು.

ಹೋಗಲಿ, ಅವರಿಗೂ ಏನು ಗೊತ್ತಿರುತ್ತದೆ ಪಾಪ. ಅಷ್ಟು ಮಕ್ಕಳನ್ನು ನೋಡಿಕೊಳ್ಳಬೇಕು. ಒಂದು ಮಗುವಿಗೆ ಏನಾದರೂ ಆದರೆ ಹತ್ತು ಅಮ್ಮಂದಿರು ಫೋನ್ ಮಾಡುತ್ತಾರೆ. ಭಯ ಇರುತ್ತದೆ.

ಇಲ್ಲ, ಪಾಪ ಗೀಪ ಏನಿಲ್ಲ! ಗೊತ್ತಿಲ್ಲ ಅಂದರೆ ಕೇಳಬೇಕು. ಒಳಗೆ ಕರೆದು, ಬಾಗಿಲು ಹಾಕಿ ಕೇಳಬೇಕು. ತೋಳು ಎತ್ತಿ ಊರಿಗೆಲ್ಲ ತೋರಿಸುವುದಲ್ಲ. ಭಯಕ್ಕೂ ಒಂದು ಮರ್ಯಾದೆ ಇರಬೇಕಲ್ವಾ?

ಇದೇನು ಹೊಸದಾ ಅಂದರೆ ಹೊಸದೂ ಅಲ್ಲ. ಹಸುಗೂಸಾಗಿದ್ದಾಗ ಡೈಪರ್ ಜಾಗ ಕೆಂಪಾದರೆ "ಬದಲಾಯಿಸೋದೇ ಇಲ್ವಾ" ಅಂತಿದ್ದರು. ಒದ್ದೆಯಲ್ಲಿ ಚರ್ಮ ಮೆತ್ತಗಾಗುತ್ತದೆ, ಮಲದಲ್ಲಿರುವ ಕಿಣ್ವಗಳು ಅದನ್ನು ಕೆರಳಿಸುತ್ತವೆ. ಮಗುವಿಗೆ ಭೇದಿ ಆದರೆ ಎಷ್ಟು ಬೇಗ ಬದಲಾಯಿಸಿದರೂ ಕೆಂಪಾಗಿಬಿಡಬಹುದು. ಜಿಂಕ್ ಆಕ್ಸೈಡ್ ಕ್ರೀಮನ್ನು ದಪ್ಪಗೆ ಹಚ್ಚಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟರೆ ಎಷ್ಟೋ ಸಲ ಇಳಿಯುತ್ತದೆ. ತೊಡೆಸಂದಿನ ಮಡಿಕೆಯೊಳಗೂ ಕೆಂಪಾಗಿ, ಸುತ್ತ ಸಣ್ಣ ಸಣ್ಣ ಚುಕ್ಕೆ ಎದ್ದರೆ ಅದು ಫಂಗಸ್ ಇರಬಹುದು, ಅದಕ್ಕೆ ಬೇರೆಯೇ ಮುಲಾಮು. ಇದನ್ನೆಲ್ಲ ನಾನು ಕಲಿತದ್ದು ಒಂದು ಕೈಯಲ್ಲಿ ಅಳುವ ಮಗು ಇಟ್ಟುಕೊಂಡು. ಹೇಳುವವರು ಕಲಿತದ್ದು ಎಲ್ಲಿ? ಸುಮ್ನೆ ಹೇಳಿದರು, ಅಷ್ಟೇ.

ಒದ್ದೆ ವೈಪ್ಸ್ ಕಥೆ ಇನ್ನೊಂದು. ಮೃದು ಚರ್ಮಕ್ಕೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಹಿಂದೆ ತಿರುಗಿಸಿದರೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ಸುಗಂಧ, ಕೆಡದಂತೆ ಹಾಕುವ ರಾಸಾಯನಿಕ. ಮಿಥೈಲ್‌ಐಸೋಥಿಯಾಝೊಲಿನೋನ್ ಅಂತ ಒಂದಿದೆ, ಹೇಳಲು ನಾಲಿಗೆ ಹೊರಳುವುದಿಲ್ಲ. 2013ರಲ್ಲಿ ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ ಅದನ್ನೇ ಆ ವರ್ಷದ ಅಲರ್ಜಿಕಾರಕ ಅಂತ ಘೋಷಿಸಿತ್ತು. ಅದು ಗೊತ್ತಾದಾಗಿನಿಂದ ನಾನು ಅಂಗಡಿಯಲ್ಲಿ ನಿಂತು ಫೋನಿನಲ್ಲಿ ಫೋಟೋ ತೆಗೆದು, ಅದನ್ನು ದೊಡ್ಡದು ಮಾಡಿ ಓದುವ ಹುಚ್ಚಿ. ಬೇರೆಯವರ ಪರ್ಸಿನಲ್ಲಿ ಲಿಪ್‌ಸ್ಟಿಕ್ ಇದ್ದರೆ ನನ್ನದರಲ್ಲಿ ಉಗುರು ಕತ್ತರಿ, ಹತ್ತಿಯ ಕೈಗವಸು, ಅರ್ಧ ಹಿಂಡಿದ ಟ್ಯೂಬು. ಮದುವೆಮನೆಯಲ್ಲಿ ಯಾರಾದರೂ ಪುಟ್ಟಿಯ ಕೆನ್ನೆ ಹಿಂಡಲು ಬಂದರೆ ಮೊದಲು ಅವರ ಕೈ ಮೂಸಿ ನೋಡುತ್ತೇನೆ, ಸೆಂಟು ಇದೆಯಾ ಅಂತ. ನೆಂಟರು ನನ್ನ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೋ ಊಹಿಸಬಲ್ಲೆ.

ಇನ್ನು ಮುಲಾಮಿನ ವಿಷಯ. "ಅಯ್ಯೋ ಸ್ಟೀರಾಯ್ಡಾ? ಮಗುವಿಗಾ?" ಅಂತ ಎದೆ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಡಾಕ್ಟರು ಹೇಳಿದ್ದು, ಹೇಳಿದಷ್ಟು, ಹೇಳಿದ ಜಾಗಕ್ಕೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅದು ಬೆರಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹೆದರಿ ಹೆದರಿ ಚೂರೇ ಚೂರು ಹಚ್ಚಿದರೆ ಉರಿ ಇಳಿಯುವುದೂ ಇಲ್ಲ, ಮುಗಿಯುವುದೂ ಇಲ್ಲ. ಮಾಯಿಶ್ಚರೈಸರ್ ಮಾತ್ರ ಧಾರಾಳವಾಗಿ ಬೇಕು. ಬ್ರಿಟನ್ನಿನ ಮಾರ್ಗಸೂಚಿ ಮಕ್ಕಳಿಗೆ ವಾರಕ್ಕೆ 250ರಿಂದ 500 ಗ್ರಾಂ ಅನ್ನುತ್ತದೆ. ವಾರಕ್ಕೆ! ನಮ್ಮ ಮನೆ ಬಾಗಿಲ ಹಿಡಿ, ಟಿವಿ ರಿಮೋಟು, ನನ್ನ ಕನ್ನಡಕ ಎಲ್ಲದರ ಚರ್ಮವೂ ಈಗ ಬಹಳ ಮೃದು. ಪುಟ್ಟಿಯದೊಂದನ್ನು ಬಿಟ್ಟು.

ಇವರು ಬಂದು "ಬಿಡು, ಸ್ಕೂಲು ಬದಲಾಯಿಸೋಣ" ಅಂದರು. ಎಷ್ಟು ಸುಲಭ. ಬದಲಾಯಿಸೋಣ, ಅಲ್ಲಿ ಇನ್ನೊಂದು ಗೇಟು, ಇನ್ನೊಂದು ಬೀರು. ಅವಳ ಚರ್ಮ ಬದಲಾಯಿಸಲು ಆಗುತ್ತದಾ? ನಾನು ನಾಳೆಯಿಂದ ಅಲ್ಲಿಗೆ ಕಾಲಿಡುವುದಿಲ್ಲ ಅಂದೆ. ಅದಾಗಿ ಅರ್ಧ ಗಂಟೆಗೆ ಅವಳ ನಾಳೆಯ ಬ್ಯಾಗು ತುಂಬಿಸಿಟ್ಟೆ. ಕೆಲಸಕ್ಕೆ ಹೋಗಬೇಕಲ್ಲ. ಮಗುವನ್ನು ಯಾರು ನೋಡಿಕೊಳ್ಳುತ್ತಾರೆ, ಭಾಷಣ ಕೇಳಿದ ಬಕೆಟ್ಟಾ?

ದೊಡ್ಡವಳಾಗುತ್ತಾ ಹೋಗುತ್ತೆ ಅಂತ ಡಾಕ್ಟರ್ ಅಂದಿದ್ದಾರೆ. ಬಹಳ ಮಕ್ಕಳಿಗೆ ಕಡಿಮೆಯಾಗುತ್ತದೆ, ನಿಜ. ಎಲ್ಲರಿಗೂ ಅಲ್ಲ, ಅದೂ ನಿಜ. ಅಲ್ಲಿಯವರೆಗೆ ರಾತ್ರಿ ಹೀಗೇ. ಯಾಕೋ ಏನೋ ರಾತ್ರಿಯೇ ತುರಿಕೆ ಜಾಸ್ತಿ. ಕೆರೆದರೆ ಚರ್ಮ ಹರಿಯುತ್ತದೆ, ಹರಿದರೆ ಇನ್ನೂ ತುರಿಕೆ. ಕೆರೀಬೇಡ ಅಂತ ಎಲ್ಲರೂ ಅವಳಿಗೆ ಹೇಳುತ್ತಾರೆ. ನಿಮ್ಮ ಬೆನ್ನಿಗೆ ಒಂದು ಸೊಳ್ಳೆ ಕಚ್ಚಿದಾಗ ಹತ್ತು ನಿಮಿಷ ಕೆರೆಯದೆ ಕೂತು ತೋರಿಸಿ, ಆಮೇಲೆ ಅವಳಿಗೆ ಹೇಳಿ. ಇವತ್ತು ಅಷ್ಟು ಜನ ನಿಂತಿದ್ದರಲ್ಲ, ಒಬ್ಬರಾದರೂ ಬಗ್ಗಿ "ಉರೀತಿದೆಯಾ ಪುಟ್ಟಾ" ಅಂತ ಕೇಳಲಿಲ್ಲ. ಯಾರಿಗೆ ಬರುತ್ತೆ, ಹೇಗೆ ಬಂತು, ಯಾರ ತಪ್ಪು. ಇಷ್ಟೇ.

ನಾಳೆ ಹೋಗುತ್ತೇನೆ. ಪತ್ರದ ಇನ್ನೊಂದು ಪ್ರತಿ ಇದೆ. ಬೀರುವಿಗಲ್ಲ, ಆ ಮೇಡಂ ಕೈಗೇ ಕೊಟ್ಟು, ನನ್ನ ಮುಂದೆಯೇ ಓದಿ ಅನ್ನಬೇಕು ಅಂದುಕೊಂಡಿದ್ದೇನೆ. ಬೆಳಿಗ್ಗೆ ಗಡಿಬಿಡಿಯಲ್ಲಿ ಮತ್ತೆ "ಗುಡ್ ಮಾರ್ನಿಂಗ್ ಮೇಡಂ" ಅಂತ ನಕ್ಕು ಬಂದುಬಿಟ್ಟರೂ ಬಂದೆ. ನನ್ನ ನಂಬಿಕೆ ನನಗಿಲ್ಲ.

ಇದನ್ನು ಓದಿದವರಲ್ಲಿ ಇಂಥ ಮಗುವಿನ ಅಪ್ಪನೋ ಅಮ್ಮನೋ ಇದ್ದರೆ ಒಂದು ಹೇಳಿ. ಅಷ್ಟು ಜನರ ಮುಂದೆ, ಮಗುವಿಗೆ ಭಯ ಆಗದ ಹಾಗೆ, ಕೂಗಾಡದೆ, ಅಳದೆ ಏನು ಹೇಳಬಹುದು? ಒಂದೇ ಒಂದು ವಾಕ್ಯ ಸಾಕು, ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ. ಯಾವ ಎಣ್ಣೆ ಹಚ್ಚಬೇಕು ಅಂತ ಹೇಳಲು ಬರುವವರು ದಯವಿಟ್ಟು ಇವತ್ತು ಬೇಡ. ನಾಳೆಯೂ ಬೇಡ.