‘ನನ್ನ’ ಎಂದು ಬರೆದಲ್ಲೆಲ್ಲ ಎರಡೆರಡು ಪೌಂಡ್

ನನ್ನ ಲ್ಯಾಪ್‌ಟಾಪಿಗೆ ಹನ್ನೊಂದು ವರ್ಷ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇದರಲ್ಲಿ ಅದಿಲ್ಲ. ಅಂಗಡಿಯಾತ ಒಮ್ಮೆ ಮಗುಚಿ ನೋಡಿ, ಹೊಸದೇ ತೆಗೆದುಕೊಳ್ಳಿ ಎಂದ. ಕೀಲಿಮಣೆ ಸವೆದಿಲ್ಲ, ಪರದೆ ಕೆಟ್ಟಿಲ್ಲ; ಹಾಲು ಕೊಡುವ ಹಸುವನ್ನು ಕಸಾಯಿಗೆ ಅಟ್ಟು ಎಂದ ಹಾಗಾಯಿತು.

ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಂಡೆ. ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ, ವೈಫೈ, ಸ್ಪೀಕರ್ ಎಲ್ಲ ಸರಿಯಿದೆಯೇ ಎಂದು ನೋಡಿದೆ. ವಿಂಡೋಸ್ ಅಳಿಸುವ ಮುನ್ನ ನೀವೂ ಹಾಗೆಯೇ ಮಾಡಿ. ನನಗಿದ್ದ ಭಯ ಒಂದೇ: ಕನ್ನಡ. ಆದರೆ ಲಿನಕ್ಸಿನಲ್ಲಿ ಬೇರೆ ಬೇರೆ ಭಾಷೆ ಟೈಪಿಸಲು ನೆರವಾಗುವ ಐಬಸ್‌ನಲ್ಲಿ ಕೆ.ಪಿ. ರಾವ್ ಅವರ ಕನ್ನಡ ಕೀಲಿಮಣೆ ವಿನ್ಯಾಸ ಸಿಕ್ಕಿತು. ಒತ್ತಕ್ಷರಕ್ಕೆ ಬೆರಳು ತಾನಾಗಿ ಎಫ್ ಕೀಲಿಗೆ ಹೋಯಿತು, ‘ಅಕ್ಕ’ ಮೂಡಿತು. ಇಪ್ಪತ್ತು ವರ್ಷ ‘ನುಡಿ’ ತಂತ್ರಾಂಶದಲ್ಲಿ ಪಳಗಿದ ಬೆರಳಿಗೆ ಮನೆ ಬದಲಾದದ್ದೇ ತಿಳಿಯಲಿಲ್ಲ.

ಪೆಟ್ಟು ಬಿದ್ದದ್ದು ಬೇರೆ ಕಡೆ. 2004ರಿಂದ ಬರೆದಿಟ್ಟ ಕಡತಗಳನ್ನು ತೆರೆದರೆ ಕನ್ನಡವೇ ಇಲ್ಲ. ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳು, ‘ನ’ ಇದ್ದಲ್ಲೆಲ್ಲ ಬ್ರಿಟಿಷರ ಪೌಂಡ್ ಚಿಹ್ನೆ. ‘ನನ್ನ’ ಎಂದರೆ ಎರಡು ಪೌಂಡ್! ಇದು ಲಿನಕ್ಸಿನ ತಪ್ಪಲ್ಲ. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಯುನಿಕೋಡ್ ಬಳಕೆಗೆ ಬರುವ ಮುಂಚಿನ ಆ ಪದ್ಧತಿಯಲ್ಲಿ ಕಡತದೊಳಗೆ ಇದ್ದದ್ದೇ ಆ ರೋಮನ್ ಸಂಕೇತಗಳು. ಫಾಂಟು ಅದಕ್ಕೆ ಕನ್ನಡದ ವೇಷ ತೊಡಿಸುತ್ತಿತ್ತು, ಅಷ್ಟೇ. ಆ ಫಾಂಟನ್ನು ಇಲ್ಲಿಗೂ ತಂದು ಹಾಕಬಹುದು. ಆದರೆ ‘ಹಲಸು’ ಎಂದು ಯುನಿಕೋಡ್‌ನಲ್ಲಿ ಹುಡುಕಿದರೆ ಅಂದೂ ಸಿಗುತ್ತಿರಲಿಲ್ಲ, ಇಂದೂ ಸಿಗುವುದಿಲ್ಲ.

ಹಾಗಾಗಿ ವಿಂಡೋಸೋ ಲಿನಕ್ಸೋ ಎಂಬ ಜಗಳದಲ್ಲಿ ನನಗೆ ಆಸಕ್ತಿ ಹೊರಟುಹೋಗಿದೆ. ವಿಂಡೋಸಿನಲ್ಲೇ ಇರಿ, ಬೇಡವೆನ್ನುವುದಿಲ್ಲ. ನಿಮ್ಮ ಬರಹ ಮಾತ್ರ ಯಾರಪ್ಪನ ಅನುಮತಿಯೂ ಇಲ್ಲದೆ ತೆರೆದುಕೊಳ್ಳುವ ರೂಪದಲ್ಲಿರಲಿ. ಯುನಿಕೋಡ್‌ನಲ್ಲಿ ಬರೆಯಿರಿ, ಓಡಿಟಿ ಎಂಬ ಮುಕ್ತ ಕಡತ ರೂಪದಲ್ಲಿ ಉಳಿಸಿ. ಅದನ್ನು ಬರೆದುಳಿಸುವ ಉಚಿತ ತಂತ್ರಾಂಶ ಲಿಬ್ರೆ ಆಫೀಸ್ ವಿಂಡೋಸಿನಲ್ಲೂ ಓಡುತ್ತದೆ.

ಎಲ್ಲವೂ ಸುಸೂತ್ರ ಎಂದರೆ ಸುಳ್ಳಾದೀತು. ಕಚೇರಿಯಿಂದ ಬರುವ ವರ್ಡ್ ಕಡತಗಳ ಕೋಷ್ಟಕಗಳು ಕೆಲವೊಮ್ಮೆ ಸೊಟ್ಟಗಾಗುತ್ತವೆ. ಪ್ರಿಂಟರ್ ಮುದ್ರಿಸುತ್ತದೆ, ಸ್ಕ್ಯಾನ್ ಮಾಡಲು ಒಲ್ಲೆನ್ನುತ್ತದೆ. ಆ ಕೆಲಸ ಈಗ ಮೊಬೈಲಿನದು. ಮಗಳಂತೂ ತನ್ನ ಆಟ ಇದರಲ್ಲಿ ನಡೆಯುವುದಿಲ್ಲವೆಂದು ಎರಡು ದಿನ ಮಾತು ಬಿಟ್ಟಿದ್ದಳು.

ಹಳೆಯ ಕಡತಗಳನ್ನು ಯುನಿಕೋಡ್‌ಗೆ ತರುವ ಮುಕ್ತ ಪರಿವರ್ತಕಗಳಿವೆ, ಕನ್ನಡಿಗರೇ ಬಿಡುವಿನಲ್ಲಿ ಕೂತು ಬರೆದವು. ನನ್ನ ಕಡತಗಳಲ್ಲಿ ಅರ್ಕಾವತ್ತು ಬಂದಾಗ ಅಲ್ಲಲ್ಲಿ ಎಡವುತ್ತವೆ, ಕೈಯಿಂದ ತಿದ್ದಬೇಕು. ದಿನಕ್ಕೆ ಹತ್ತು ಕಡತದಂತೆ ಊಟವಾದ ಮೇಲೆ ಕೂರುತ್ತೇನೆ. ನಿನ್ನೆ 2006ಕ್ಕೆ ಬಂದೆ. ಅಮ್ಮ ಹೇಳಿ ಬರೆಸಿದ್ದ ಹಲಸಿನ ಹಪ್ಪಳದ ಅಳತೆ ಅದರಲ್ಲಿತ್ತು. ಉಪ್ಪು ಎಷ್ಟೆಂದು ಬರೆಸಲು ಅವಳು ಮರೆತಿದ್ದಾಳೆ.