ಗಂಟೆ ಕೇಳಿದರೆ ಈಗಲೂ ಎದ್ದು ನಿಲ್ಲುತ್ತೇನೆ

ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ದಿನದ ಸಂಭ್ರಮ, ಅಂದರೆ ಶಾಲಾ ಪ್ರಾರಂಭೋತ್ಸವದ ಬಗ್ಗೆ ಬಂದ ಲೇಖನವೊಂದನ್ನು ಓದಿ ಕಣ್ಣು ತುಂಬಿ ಬಂತು. 60 ತುಂಬಿ ನಿವೃತ್ತಿಯಾದೆ, ಆಮೇಲೆ ಬಂದ ಎರಡನೇ ಜೂನ್ ತಿಂಗಳು ಇದು. ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ನಲಿಕಲಿ, ಅಂದರೆ ಆಟ, ಹಾಡು, ಕಾರ್ಡುಗಳ ಮೂಲಕ ಕಲಿಸುವ ಪದ್ಧತಿಯಲ್ಲಿ ಕಲಿಸುತ್ತಿದ್ದೆ. ಮೇ ಕೊನೆಗೆ ಕಾರ್ಡುಗಳ ಧೂಳು ಒರೆಸಬೇಕು, ಮಾವಿನ ತೋರಣ ಕಟ್ಟಬೇಕು, ಮೊದಲ ದಿನದ ಬಿಸಿಯೂಟಕ್ಕೆ ಪಾಯಸ ಮಾಡಿಸಬೇಕು. ಈಗ ಆ ಅವಸರ ಇಲ್ಲ, ನಿಜಕ್ಕೂ ಹಾಯೆನಿಸುತ್ತೆ. ಆದರೆ ನಿನ್ನೆ ಪ್ರಾರ್ಥನೆಯ ಗಂಟೆ ಕೇಳಿದ್ದೇ ಕಾಫಿ ಲೋಟ ಕೆಳಗಿಟ್ಟು ಗೇಟಿನ ತನಕ ಹೋದೆ. ಪಕ್ಕದ ಮನೆ ಪುಟ್ಟಿ ಹೊಸ ಬ್ಯಾಗ್ ಹಾಕ್ಕೊಂಡು, ಅಮ್ಮನ ಸೆರಗು ಬಿಡದೆ ಅಳುತ್ತಿದ್ದಳು. ಇಂಥವರನ್ನು ತೊಡೆ ಮೇಲೆ ಕೂರಿಸಿಕೊಂಡೇ ಎಷ್ಟು ಜೂನ್ ಕಳೆದೆ! ಅವಳಮ್ಮನೂ ನನ್ನ ಹತ್ತಿರ ಅಕ್ಷರ ಕಲಿತವಳೇ. "ನೀವೂ ಬನ್ನಿ ಟೀಚರ್" ಅಂದಳು. ಸುಮ್ನೆ ಪುಟ್ಟಿಯ ಕೈ ಹಿಡಿದು ಶಾಲೆ ಬಾಗಿಲವರೆಗೂ ಹೋಗಿ ಬಂದೆ.